ಸಾಲಿನಲ್ಲಿ ಇಲ್ಲದೆಯೂ ಇರಬಹುದು

ಸಮನ್ಸ್ ಕೈಗೆ ಬಂದಾಗ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಇನ್ನು ಒಂಬತ್ತು ದಿನಕ್ಕೆ ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು ಎಂದಿತ್ತು. ಗಾಬರಿಯೇನೂ ಆಗಲಿಲ್ಲ, ತಹಶೀಲ್ದಾರ್ ಆದವರಿಗೆ ಇದು ಮಾಮೂಲು. ಎರಡು ವರ್ಷದ ಹಿಂದೆ, ಜಿಲ್ಲೆಯ ಒಂದು ತಾಲ್ಲೂಕಿನಲ್ಲಿದ್ದಾಗ, ನಾನು ಜೈಲಿನೊಳಗೆ ಒಂದು ಗುರುತು ಪತ್ತೆ ಪರೇಡ್ ನಡೆಸಿದ್ದೆ. ಆರೋಪಿಯನ್ನು ಅವನದೇ ವಯಸ್ಸು, ಅವನದೇ ಮೈಕಟ್ಟಿನ ಬೇರೆ ಗಂಡಸರ ಜೊತೆ ಸಾಲಾಗಿ ನಿಲ್ಲಿಸಿ, ಕಣ್ಣಾರೆ ಕಂಡವರಿಂದ ಗುರುತು ಹಿಡಿಸುವ ಕೆಲಸ ಅದು. ಪೊಲೀಸರು ತಾವೇ ನಡೆಸುವಂತಿಲ್ಲವಾದ್ದರಿಂದ ನಮ್ಮಂಥವರನ್ನು ಕರೆಯುತ್ತಾರೆ. ನಡೆಸಿದವರು ಮುಂದೊಂದು ದಿನ ಕೋರ್ಟಿಗೆ ಹೋಗಿ, ಹೌದು ಸ್ವಾಮಿ, ಇದು ನನ್ನದೇ ಸಹಿ ಎಂದು ಹೇಳಿ ಬರಬೇಕು. ಹತ್ತು ನಿಮಿಷದ ಕೆಲಸ.

ಹಳೆಯ ಕಚೇರಿಯಿಂದ ಪರೇಡಿನ ನಡವಳಿಯ ಪ್ರತಿ ತರಿಸಿಕೊಂಡು ಮರುದಿನ ಊಟದ ಹೊತ್ತಿಗೆ ಓದಲು ಕೂತೆ. ಮೊದಲ ಎರಡು ಪುಟ ಸಲೀಸಾಗಿ ಹೋಯಿತು. ಮೂರನೆಯ ಪುಟದಲ್ಲಿ ಹೀಗೊಂದು ವಾಕ್ಯವಿತ್ತು: 'ತಾವು ನೋಡಿದ ವ್ಯಕ್ತಿಯು ಈ ಸಾಲಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು, ಇಲ್ಲದಿದ್ದಲ್ಲಿ ಇಲ್ಲವೆಂದು ಹೇಳಬಹುದು ಎಂದು ಸಾಕ್ಷಿದಾರರಿಗೆ ತಿಳಿಸಿ ಹೇಳಿದೆನು.'

ಅದನ್ನು ಎರಡು ಸಲ ಓದಿದೆ. ಕೆಳಗಿರುವುದು ನನ್ನದೇ ಸಹಿ. ಆದರೆ ಆ ಮಾತನ್ನು ಹೇಳಿದ ನೆನಪು ನನಗೆ ಎಲ್ಲಿ ತಡಕಿದರೂ ಸಿಗಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ತಣ್ಣಗಾಯಿತು.

ಪ್ರಕರಣ ಇಷ್ಟೇ. ದಂಡಿಗನಹಳ್ಳಿಯಿಂದ ಒಳಗೆ ಹೋದರೆ ಒಂದು ಸಣ್ಣ ಊರು. ಅಲ್ಲಿನ ಗಂಡಹೆಂಡಿರು, ಇಬ್ಬರಿಗೂ ವಯಸ್ಸಾಗಿದೆ, ಸಂಜೆ ಡೈರಿಗೆ ಹಾಲು ಹಾಕಿ ಮನೆಗೆ ನಡೆದು ಬರುತ್ತಿದ್ದರು. ಹೊತ್ತು ಮುಳುಗಿ ಮಬ್ಬು ಕವಿಯುತ್ತಿತ್ತು. ಹಿಂದಿನಿಂದ ಬೈಕಿನಲ್ಲಿ ಬಂದವನೊಬ್ಬ ಅಜ್ಜಿಯ ಕೊರಳಿಗೆ ಕೈ ಹಾಕಿ ಮಾಂಗಲ್ಯದ ಸರ ಕಿತ್ತ. ಗಂಡ ಬೈಕಿನ ಹಿಂಬದಿ ಹಿಡಿದು ಬಿಡಲಿಲ್ಲ. ಬೈಕು ಅವರನ್ನು ದರದರ ಎಳೆದುಕೊಂಡು ಹೋಯಿತು. ತಲೆಗೆ ಪೆಟ್ಟಾಗಿ ಮೂರನೆಯ ದಿನ ತೀರಿಕೊಂಡರು. ಕೊರಳಿಗೆ ಕೈ ಹಾಕಿದಾಗ ಆ ಮುಖ ಒಂದು ಗಳಿಗೆ ತನ್ನ ಮುಖದ ಹತ್ತಿರವೇ ಬಂದಿತ್ತು ಎಂದು ಅಜ್ಜಿ ಪೊಲೀಸರಿಗೆ ಹೇಳಿದ್ದರು.

ಸಿಕ್ಕಿಬಿದ್ದವನು ಅರಕಲಗೂಡು ಕಡೆಯ ಒಬ್ಬ ಟೈಲ್ಸ್ ಕೆಲಸದವನು. ವಯಸ್ಸು ಇಪ್ಪತ್ತೆಂಟು. ಆ ವಾರ ಪಕ್ಕದ ಊರಿನಲ್ಲಿ ಹೊಸ ಮನೆಯೊಂದಕ್ಕೆ ನೆಲ ಹಾಕುತ್ತಿದ್ದ. ಅವನ ಬೈಕಿನ ಬಣ್ಣವೂ ಅಜ್ಜಿ ಹೇಳಿದ ಬಣ್ಣವೂ ಒಂದೇ. ಸರ ಮಾತ್ರ ಅವನ ಹತ್ತಿರ ಸಿಗಲಿಲ್ಲ, ಬೇರೆಲ್ಲೂ ಸಿಗಲಿಲ್ಲ. ಎಂದಮೇಲೆ ಇಡೀ ಪ್ರಕರಣ ಅಜ್ಜಿಯ ಕಣ್ಣಿನ ಮೇಲೆ ನಿಂತಿತ್ತು. ಅಜ್ಜಿಯ ಕಣ್ಣನ್ನು ಕೋರ್ಟು ಎಷ್ಟು ನಂಬಬೇಕು ಎನ್ನುವುದು ನನ್ನ ಮೂರು ಪುಟದ ಮೇಲೆ ನಿಂತಿತ್ತು. ಅಪರಾಧ ಸಾಬೀತಾದರೆ ಅವನಿಗೆ ಜೀವಾವಧಿ. ಪರೇಡಿನಲ್ಲಿ ಗುರುತು ಸಿಕ್ಕಿದೆ ಎಂಬ ಕಾರಣಕ್ಕೆ ಜಾಮೀನೂ ಸಿಗದೆ ಎರಡು ವರ್ಷದಿಂದ ಒಳಗಿದ್ದ.

ಪರೇಡಿನ ದಿನ ನನಗೆ ಚೆನ್ನಾಗಿ ನೆನಪಿದೆ. ವಿಚಾರಣೆಗಾಗಿ ಕಾಯುತ್ತಿದ್ದ ಕೈದಿಗಳಲ್ಲಿ ಎಂಟು ಜನರನ್ನು ನಾನೇ ಆರಿಸಿದೆ. ಎತ್ತರ ನೋಡಿ, ಮೈಬಣ್ಣ ನೋಡಿ, ಗಡ್ಡ ಬಿಟ್ಟಿದ್ದ ಒಬ್ಬನನ್ನು ವಾಪಸ್ ಕಳಿಸಿ ಇನ್ನೊಬ್ಬನನ್ನು ಕರೆಸಿದೆ. ಎಲ್ಲಿ ಬೇಕಾದರೂ ನಿಂತುಕೋ ಎಂದು ಆರೋಪಿಗೆ ಹೇಳಿದೆ. ಎಡಗಡೆಯಿಂದ ನಾಲ್ಕನೆಯವನಾಗಿ ನಿಂತ. ಅಂಗಿ ಬದಲಾಯಿಸುತ್ತೀಯಾ ಎಂದೆ. ಬೇಡ ಎಂದು ತಲೆ ಆಡಿಸಿದ. ಪೊಲೀಸರನ್ನು ಗೇಟಿನಾಚೆ ಕಳಿಸಿದೆ. ಒಳಗೆ ಕೂತಿದ್ದ ಅಜ್ಜಿಗೆ ಸಾಲು ಕಾಣದಂತೆ ಬಾಗಿಲಿಗೆ ಒಂದು ಕಂಬಳಿ ಕಟ್ಟಿಸಿದೆ. ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಾರರು ಎಂಬ ಜಂಬ ಆಗ ನನಗಿತ್ತು.

ಆಮೇಲೆ ಅಜ್ಜಿಯನ್ನು ಕರೆತರಲು ಒಳಗೆ ಹೋದೆ. ಜೈಲಿನ ಗೋಡೆ ಕಂಡೇ ಹೆದರಿಹೋಗಿದ್ದರು. ಕುಡಿಯಲು ನೀರು ಕೊಟ್ಟರೆ ಲೋಟ ಹಲ್ಲಿಗೆ ಕಟಕಟ ತಾಗಿತು. ಬೋಳು ಕೊರಳು. ಅವರ ಬೆನ್ನಿನ ಮೇಲೆ ಕೈ ಇಟ್ಟು ಏನೋ ಹೇಳಿದೆ. ಏನು ಹೇಳಿದೆ?

ಅದನ್ನೇ ಕೇಳಿಕೊಂಡು ಮರುದಿನ ರಜೆ ಹಾಕಿ ಹೊಳೆನರಸೀಪುರದ ಬಸ್ಸು ಹತ್ತಿದೆ. ನನ್ನ ಕಚೇರಿಯಲ್ಲಿ ಆಗ ಕೇಸ್ ವರ್ಕರ್ ಆಗಿದ್ದ ಗುಮಾಸ್ತರು ನಿವೃತ್ತರಾಗಿ ಅಲ್ಲಿ ಮನೆ ಮಾಡಿಕೊಂಡಿದ್ದರು. ನಡವಳಿ ಟೈಪ್ ಮಾಡಿದವರು ಅವರೇ. ಕಾಫಿ ಕೊಟ್ಟರು, ಮಂಡಿನೋವಿನ ಕಥೆ ಹೇಳಿದರು. ಕೊನೆಗೆ ನಾನು ಆ ವಾಕ್ಯ ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಕ್ಕರು.

"ಇದಾ ಮೇಡಂ? ಇದು ಫಾರ್ಮ್ಯಾಟಲ್ಲೇ ಬತ್ತದೆ. ನನ್ನ ಸರ್ವೀಸಲ್ಲಿ ಎಷ್ಟು ಸಾಹೇಬ್ರು ಬಂದೋದ್ರು, ಎಲ್ರಿಗೂ ಇದೇ ಫಾರ್ಮ್ಯಾಟು. ಹಿಂದಿನ ದಿನವೇ ಟೈಪ್ ಮಾಡಿ ಇಟ್ಟಿದ್ದೆ, ಬರೀ ಎಸರು ಟೈಮು ತುಂಬ್ಸಿದ್ದು."

"ನಾನು ಆ ಮಾತು ಹೇಳಿದ್ನೋ ಇಲ್ವೋ, ನಿಮಗೆ ಗೊತ್ತಾ?"

"ನಾನು ಒಳಗೆಲ್ಲಿದ್ದೆ ಮೇಡಂ? ಪಂಚರ ಸೈನ್ ಆಕುಸ್ತಿದ್ದೆ. ಅಷ್ಟಕ್ಕೂ ಯಾಕೆ ತಲೆ ಕೆಡುಸ್ಕತೀರಾ? ನಿಮ್ಮ ಕಾಗದ ಗಟ್ಟಿ ಅದೆ."

ಕಾಗದ ಗಟ್ಟಿ ಇದ್ದದ್ದೇ ನನ್ನ ಸಂಕಟ. ನಮ್ಮಲ್ಲಿ ಜ್ಯೂರಿ ಇಲ್ಲ. ನಂಬುವುದೋ ಬಿಡುವುದೋ ಎಂದು ನ್ಯಾಯಾಧೀಶರೊಬ್ಬರೇ ತೀರ್ಮಾನಿಸಬೇಕು. 'ಇಲ್ಲದಿದ್ದರೆ ಇಲ್ಲ ಎನ್ನಬಹುದು' ಎಂದು ಹೇಳಿಸಿಕೊಂಡ ಮೇಲೂ ಮುದುಕಿಯೊಬ್ಬರು ಒಬ್ಬನನ್ನೇ ಮುಟ್ಟಿದ್ದಾರೆ ಎಂದರೆ ಯಾವ ನ್ಯಾಯಾಧೀಶರಾದರೂ ನಂಬುತ್ತಾರೆ. ನಾನಾದರೂ ನಂಬುತ್ತಿದ್ದೆ.

ಸರ್ಕಾರಿ ವಕೀಲರನ್ನು ಕಂಡೆ. ಸಭ್ಯ ಮನುಷ್ಯ, ಕೆಲಸ ಬಲ್ಲವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಮೇಡಂ, ಹೇಳಿಲ್ಲ ಅಂತ ನಿಮಗೆ ಖಾತ್ರಿನಾ?"

"ಹೇಳಿದ ನೆನಪಿಲ್ಲ."

"ಎರಡೂ ಬೇರೆ ಬೇರೆ. ಎರಡು ವರ್ಷದ ಹಿಂದಿನ ಮಾತು. ನಿಮ್ಮ ನೆನಪೇ ತಪ್ಪಿರಬಹುದಲ್ಲ? ಅವತ್ತೇ ಬರೆದು ಸಹಿ ಮಾಡಿದ್ದೀರಿ, ಅದು ಹೆಚ್ಚೋ ಈಗಿನ ಅನುಮಾನ ಹೆಚ್ಚೋ? ಆ ಅಜ್ಜಿಗೆ ಗಂಡ ಹೋಗಿದ್ದಾನೆ. ಅದನ್ನೂ ಸ್ವಲ್ಪ ಯೋಚನೆ ಮಾಡಿ."

ನನಗೆ ಎಷ್ಟು ಹಾಯೆನಿಸಿತು ಎಂದರೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಹೌದಲ್ಲ, ನೆನಪು ತಪ್ಪಿರಬಹುದು! ಹೇಳಿಯೇ ಇದ್ದೆ, ಮರೆತಿದ್ದೇನೆ. ಎರಡು ದಿನ ಆ ಮಾತಿಗೆ ಜೋತುಬಿದ್ದೆ. ಸ್ನಾನ ಮಾಡುವಾಗ ಆ ವಾಕ್ಯವನ್ನು ಬಾಯಿಬಿಟ್ಟು ಹೇಳಿ ನೋಡಿದೆ. ಹತ್ತು ಸಲ ಹೇಳುವ ಹೊತ್ತಿಗೆ ಜೈಲಿನ ಆ ಕೋಣೆಯಲ್ಲಿ ಅದನ್ನು ಹೇಳುತ್ತಿರುವ ನನ್ನ ಚಿತ್ರವೇ ಕಣ್ಣಿಗೆ ಕಟ್ಟತೊಡಗಿತು. ಆಗ ಹೆದರಿಕೆಯಾಯಿತು. ನೆನಪು ಹೀಗೆ ತಯಾರಾಗುವುದಾದರೆ ಅಜ್ಜಿಯ ಕಥೆ ಏನು?

ನನ್ನ ಬಾಯಿಗೆ ಬೀಗ ಇಲ್ಲ ಎಂದು ಅಮ್ಮ ಬಯ್ಯುತ್ತಿದ್ದಳು. ಕಚೇರಿಯಲ್ಲಿ ಏನು ನಡೆದರೂ ಚನ್ನರಾಯಪಟ್ಟಣದಲ್ಲಿರುವ ತಂಗಿಗೆ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದು ನನ್ನ ಚಟ. ಪರೇಡಿನ ದಿನ ಕಳಿಸದೆ ಇದ್ದಿರಲಾರೆ. ನನ್ನ ಫೋನು ಬದಲಾಗಿತ್ತು. ತಂಗಿಗೆ ಫೋನ್ ಮಾಡಿ ಹುಡುಕು ಎಂದೆ. ಸಂಜೆ ಅವಳೇ ಫೋನ್ ಮಾಡಿದಳು, ದನಿ ಸಣ್ಣಗಾಗಿತ್ತು.

"ಅಕ್ಕಾ, ಸಿಕ್ತು. ಡಿಲೀಟ್ ಮಾಡ್ಬಿಡ್ಲಾ?"

"ಮೊದಲು ಕಳಿಸು."

ಅದು ನನ್ನದೇ ದನಿ. ಉಮೇದಿನಲ್ಲಿದೆ, ಹಿಂದೆ ಜೀಪಿನ ಸದ್ದು. 'ಪಾಪ ಕಣೇ ಅಜ್ಜಿ, ಗಡಗಡ ನಡುಗ್ತಿತ್ತು. ನಾನು ಬೆನ್ನು ಸವರಿ, ಭಯ ಪಡಬೇಡ ಕಣಜ್ಜಿ, ಅವನು ಇಲ್ಲೇ ಇದ್ದಾನೆ, ಧೈರ್ಯವಾಗಿ ಹೋಗಿ ಮುಟ್ಟಿ ತೋರಿಸು ಅಂದೆ. ತಕ್ಷಣ ಸರಿಹೋಯ್ತು ನೋಡು. ಮೂರು ಸಲ ಜಾಗ ಬದಲಾಯಿಸಿದ್ರೂ ಮೂರು ಸಲಾನೂ ಅವನನ್ನೇ ಮುಟ್ತು!'

ಎಷ್ಟು ಹೆಮ್ಮೆ ಆ ದನಿಗೆ! ಫೋನನ್ನು ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಿತು. ಮೊದಲ ಸಲ ಮುಟ್ಟಿದವನನ್ನು ಎರಡನೆಯ ಸಲ, ಮೂರನೆಯ ಸಲ ಯಾರು ತಾನೇ ಮರೆಯುತ್ತಾರೆ? 'ಇಲ್ಲೇ ಇದ್ದಾನೆ' ಎಂದು ಸರ್ಕಾರದ ಬಾಯಿಂದ ಕೇಳಿದ ಮೇಲೆ ಅಜ್ಜಿಗೆ ಉಳಿದದ್ದು ಒಂಬತ್ತರಲ್ಲಿ ಒಬ್ಬನನ್ನು ಆರಿಸುವ ಕೆಲಸ ಮಾತ್ರ. ಕರುಣೆಯಿಂದ ಆಡಿದ ಮಾತು ಅದು. ನಿಜ ಹೇಳುತ್ತೇನೆ, ಇವತ್ತು ಅಂಥ ಸಂದರ್ಭ ಬಂದರೂ ನನ್ನ ಬಾಯಿಗೆ ಮೊದಲು ಬರುವುದು ಅದೇ ಮಾತು.

ಉಳಿದ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ. ನಿಜ ಹೇಳಿದರೆ ಸುಳ್ಳು ದಾಖಲೆಗೆ ಸಹಿ ಹಾಕಿದವಳು ಎಂದು ಇಲಾಖಾ ವಿಚಾರಣೆ ಬರುತ್ತದೆ, ಅದು ಖಂಡಿತ. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಅವನೇ ಕೊಂದಿದ್ದರೆ? ಅಜ್ಜಿ ನಿಜಕ್ಕೂ ಸರಿಯಾಗಿಯೇ ಗುರುತಿಸಿದ್ದರೆ? ಸಾಲಿನಲ್ಲಿ ಅವನೊಬ್ಬನೇ ತಲೆ ತಗ್ಗಿಸಿ ನಿಂತಿದ್ದ; ಉಳಿದವರಿಗೆ ಅದೊಂದು ತಮಾಷೆ, ಅಜ್ಜಿಯ ಮುಖ ನೋಡುತ್ತಾ ನಿಂತಿದ್ದರು. ಅಜ್ಜಿ ಅವನ ಭುಜ ಮುಟ್ಟಿದಾಗ ನಾನೂ ಮನಸ್ಸಿನಲ್ಲೇ, ಕಳ್ಳ ಸಿಕ್ಕಿದ, ತಲೆ ಎತ್ತಲು ಮುಖವಿಲ್ಲ ಎಂದುಕೊಂಡಿದ್ದೆ. ಹೇಳಿದರೆ ಕೊಲೆಗಾರನನ್ನು ಬಿಡಿಸಿದವಳು, ಹೇಳದಿದ್ದರೆ ನಿರಪರಾಧಿಯನ್ನು ಹೂತವಳು. ಎರಡರಲ್ಲಿ ಯಾವುದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಕೋರ್ಟಿನ ದಿನ ಹಸಿರು ಸೀರೆ ಉಟ್ಟು ಹೋದೆ. ಕೈಯಲ್ಲಿ ಫೈಲು. ಇನ್ನೂ ಏನೂ ತೀರ್ಮಾನ ಮಾಡಿರಲಿಲ್ಲ. ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಜಾಣತನದಿಂದ ಆ ವಾಕ್ಯದ ಹತ್ತಿರ ಸುಳಿಯಲೇ ಇಲ್ಲ. ಪರೇಡ್ ನಡೆಸಿದ್ದೀರಾ, ಹೌದು. ಇದು ನಿಮ್ಮ ಸಹಿಯೇ, ಹೌದು. ಸಾಕ್ಷಿ ಯಾರನ್ನು ಗುರುತಿಸಿದರು, ಕಟಕಟೆಯಲ್ಲಿರುವ ಇವರನ್ನು. ಅವನು ಆಗಲೂ ನೆಲ ನೋಡುತ್ತಿದ್ದ. ಸಣ್ಣಗಾಗಿದ್ದ, ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು.

ಪಾಟೀಸವಾಲಿಗೆ ಎದ್ದವಳು ಉಚಿತ ಕಾನೂನು ನೆರವಿನ ಕಡೆಯಿಂದ ನೇಮಕವಾದ ವಕೀಲೆ. ನಮ್ಮ ಕೋರ್ಟುಗಳಲ್ಲಿ ಪಾಟೀಸವಾಲಿನ ಕೊನೆಗೆ ಒಂದು ಶಾಸ್ತ್ರವಿದೆ. ಆರೋಪಿಯ ವಕೀಲರು ತಮ್ಮ ವಾದವನ್ನೆಲ್ಲ ಒಂದೊಂದೇ ಸಾಲಾಗಿ ಸಾಕ್ಷಿಯ ಮುಂದೆ ಇಡುತ್ತಾರೆ. ಸಾಕ್ಷಿ ಪ್ರತಿಯೊಂದಕ್ಕೂ 'ಸರಿಯಲ್ಲ' ಎನ್ನಬೇಕು. ಸರ್ಕಾರಿ ನೌಕರರಂತೂ ಬೇರೆ ಏನೂ ಅನ್ನುವುದಿಲ್ಲ. ಕೇಳುವವರಿಗೂ ಅದು ಗೊತ್ತು, ಟೈಪ್ ಮಾಡುವವರಿಗೂ ಗೊತ್ತು. ಮಂತ್ರ ಹೇಳಿಸಿದ ಹಾಗೆ ನಡೆದುಹೋಗುತ್ತದೆ.

"ಪರೇಡಿಗೆ ಮೊದಲೇ ಪೊಲೀಸರು ಆರೋಪಿಯನ್ನು ಸಾಕ್ಷಿಗೆ ತೋರಿಸಿದ್ದರು ಎಂದರೆ?"

"ಸರಿಯಲ್ಲ."

"ಆರೋಪಿಯನ್ನು ಹೋಲುವವರನ್ನು ನೀವು ಸಾಲಿನಲ್ಲಿ ನಿಲ್ಲಿಸಲಿಲ್ಲ ಎಂದರೆ?"

"ಸರಿಯಲ್ಲ."

"ವ್ಯಕ್ತಿ ಸಾಲಿನಲ್ಲಿ ಇಲ್ಲದೆಯೂ ಇರಬಹುದು ಎಂದು ನೀವು ಸಾಕ್ಷಿಗೆ ತಿಳಿಸಲಿಲ್ಲ ಎಂದರೆ?"

ಅವಳು ಆಗಲೇ ಮುಂದಿನ ಪ್ರಶ್ನೆಗೆ ಹಾಳೆ ಮಗುಚುತ್ತಿದ್ದಳು. ನಾನು "ಸರಿ" ಎಂದೆ.

ಯಾರಿಗೂ ಕೇಳಿಸಲಿಲ್ಲ. ಟೈಪಿಸ್ಟಳ ಬೆರಳು ನಿಲ್ಲಲಿಲ್ಲ. ನನ್ನ ಎದುರಿಗಿದ್ದ ಪರದೆಯ ಮೇಲೆ 'ಎಂದರೆ ಸರಿಯಲ್ಲ' ಎಂದು ಮೂಡಿತು. ವಕೀಲೆ ಮುಂದಿನ ಸಾಲು ಓದತೊಡಗಿದಳು. ದೇವರೇ, ಇಷ್ಟು ಸುಲಭವಾಗಿ ಮುಗಿದುಹೋಯಿತಲ್ಲ! ನಾನು ನಿಜವನ್ನೇ ಹೇಳಿದೆ, ಬರೆದುಕೊಂಡವರು ತಪ್ಪು ಬರೆದುಕೊಂಡರು, ಇನ್ನೇನು ಮಾಡಲಿ ಎಂದು ಸುಮ್ಮನಾಗಬಹುದಿತ್ತು. ಬಹುಶಃ ಎರಡು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನಾಗಿಯೂ ಇದ್ದೆ. ಆ ಎರಡು ಉಸಿರಿನ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ.

"ಸ್ವಾಮಿ," ಎಂದೆ ನ್ಯಾಯಾಧೀಶರ ಕಡೆ ತಿರುಗಿ. "ನಾನು ಹೇಳಿದ್ದು ಸರಿ ಎಂದು. ಸರಿಯಲ್ಲ ಎಂದು ಟೈಪಾಗಿದೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಯಾವುದಕ್ಕೆ ಸರಿ?"

"ಆ ಮಾತನ್ನು ನಾನು ಸಾಕ್ಷಿಗೆ ಹೇಳಲಿಲ್ಲ. ಮೊದಲೇ ಟೈಪಾಗಿದ್ದ ಕಾಗದಕ್ಕೆ ಓದದೆ ಸಹಿ ಹಾಕಿದೆ."

"ಹಾಗಾದರೆ ಏನು ಹೇಳಿದಿರಿ?"

ಹೇಳಿದೆ. ಅಜ್ಜಿಯ ಬೆನ್ನಿನ ಮೇಲೆ ಕೈ ಇಟ್ಟದ್ದನ್ನೂ ಹೇಳಿದೆ. ಸರ್ಕಾರಿ ವಕೀಲರು ಎದ್ದು, ಸಾಕ್ಷಿ ಪ್ರತಿಕೂಲವಾಗಿದ್ದಾರೆ ಎಂದು ಹೇಳಿ, ತಾವೇ ಪಾಟೀಸವಾಲು ಮಾಡಲು ಅನುಮತಿ ಕೇಳಿದರು. ಅದು ಅವರ ಕರ್ತವ್ಯ, ನನಗೆ ಸಿಟ್ಟಿಲ್ಲ. ಆರೋಪಿಯ ಕಡೆಯವರೊಂದಿಗೆ ಶಾಮೀಲಾಗಿ ಸುಳ್ಳು ಹೇಳುತ್ತಿದ್ದೀರಿ ಎಂದರೆ ಎಂದು ಕೇಳಿದರು. "ಸರಿಯಲ್ಲ" ಎಂದೆ. ತಂಗಿಯ ಫೋನಿನಲ್ಲಿರುವ ರೆಕಾರ್ಡಿನ ವಿಷಯವನ್ನೂ ಹೇಳಿದೆ.

ಆಗಲೇ ಒಮ್ಮೆ ಸಾಕ್ಷಿ ಹೇಳಿ ಹೋಗಿದ್ದ ಅಜ್ಜಿಯನ್ನು ಮತ್ತೆ ಕರೆಸಲು ನ್ಯಾಯಾಧೀಶರು ಆದೇಶ ಮಾಡಿದರು. ಹದಿನೈದು ದಿನ ಬಿಟ್ಟು ಅಜ್ಜಿ ಬಂದರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಕೂರಲು ಆಗಲಿಲ್ಲ. ಸೀರೆಯ ಸೆರಗನ್ನು ಹೊದ್ದು ಅಜ್ಜಿ ಕಟಕಟೆ ಹಿಡಿದು ನಿಂತರು. ಪ್ರಶ್ನೆ ಶುರುವಾಗುವ ಮೊದಲು ನ್ಯಾಯಾಧೀಶರೇ ನಿಧಾನವಾಗಿ ಹೇಳಿದರು:

"ಅಜ್ಜಿ, ನೀವು ಅವತ್ತು ನೋಡಿದವನು ಇಲ್ಲಿ ಇರಬಹುದು, ಇಲ್ಲದೇನೂ ಇರಬಹುದು. ಪೊಲೀಸರು ಹಿಡಿದಿದ್ದಾರೆ ಅಂದ ಮಾತ್ರಕ್ಕೆ ಇವನೇ ಅಂತ ಅಲ್ಲ. ಗೊತ್ತಿಲ್ಲ ಅಂದರೂ ನಿಮ್ಮ ಮೇಲೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ನೋಡಿ ಹೇಳಿ."

ಅಜ್ಜಿ ಕಟಕಟೆಯ ಮೇಲಿಂದ ಮುಂದಕ್ಕೆ ಬಾಗಿದರು.

"ಅಂಗೂ ಅನ್ಬೌದಾ ಸಾಮಿ?"

"ಅನ್ನಬಹುದು."

"ಆವತ್ತು ಯಾರೂ ಏಳ್ನಿಲ್ವಲ್ಲ." ಅವರು ಅವನನ್ನು ನೋಡಿದರು, ಮತ್ತೆ ನ್ಯಾಯಾಧೀಶರನ್ನು ನೋಡಿದರು. "ಜೀಪಲ್ಲಿ ಕರ್ಕಂಡೋದ್ರು ಸಾಮಿ. ಅಷ್ಟು ದೊಡ್ಡೋರು, ನನ್ಗೆ ನೀರು ಕೊಟ್ಟು, ಇಲ್ಲೇ ಅವ್ನೆ ಅಂದ್ರು. ಇಲ್ಲ ಅಂತ ಬಂದ್ಬುಟ್ರೆ ಅವ್ರ ಮಾತು ಸುಳ್ಳು ಮಾಡ್ದಂಗಾಯ್ತದಲ್ಲ. ಎಲ್ರೂ ನನ್ನೇ ನೋಡ್ತಿದ್ರು, ಇವನೊಬ್ಬ ತಲೆ ಬಗ್ಗಿಸ್ಕಂಡಿದ್ದ. ತೆಪ್ಪು ಮಾಡಿದೋನೇ ಅಲ್ವಾ ತಲೆ ಬಗ್ಸೋದು ಅನ್ಕಂಡೆ, ಮುಟ್ಬುಟ್ಟೆ."

"ರಸ್ತೆಯಲ್ಲಿ ಕಂಡ ಮುಖ ಇದೇನಾ?"

"ಆವಾಗಿಂದ ಕಣ್ಮುಚ್ಚಿದ್ರೆ ಇವನ್ದೇ ಮೊಖ ಬತ್ತದೆ ಸಾಮಿ. ರಸ್ತೇಲಿ ಕಂಡಿದ್ದೋ, ಜೈಲಲ್ಲಿ ಕಂಡಿದ್ದೋ, ನನ್ಗೆ ಈಗ ಗೊತ್ತಾಗಾಕಿಲ್ಲ."

ಟೈಪಿಸ್ಟ್ ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಬರೆದುಕೊಂಡಳು. ನಾನು ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿದ್ದ ಕಾನ್ಸ್‌ಟೇಬಲ್ ಹೊರಗೆ ಹೋಗಿ ಮೇಡಂ ಎಂದು ಪಿಸುಗುಟ್ಟಿದರು.

ತೀರ್ಪು ಬಂದ ದಿನವೂ ಹೋಗಿದ್ದೆ. ಅನುಮಾನದ ಲಾಭ ಕೊಟ್ಟು ಬಿಡುಗಡೆ ಮಾಡಿದ್ದರು. ಓದಿ ಹೇಳಿದಾಗಲೂ ಅವನು ತಲೆ ಎತ್ತಲಿಲ್ಲ. ಹೊರಗೆ ಅವನ ಹೆಂಡತಿ ವಕೀಲೆಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅವ್ರು ಮದ್ವೆಲೂ ಅಂಗೇ ನಿಂತಿದ್ರು ಮೇಡಂ. ದಿನ್ವೆಲ್ಲ ಕುಕ್ಕರಗಾಲಲ್ಲಿ ಕೂತು ನೆಲ ನೋಡಾ ಕೆಲ್ಸ, ತಲೆ ಎತ್ತೋದೇ ಮರ್ತವ್ರೆ." ಅಷ್ಟರಿಂದ ಅವನು ನಿರಪರಾಧಿ ಎಂದು ನಾನು ಹೇಳಲಾರೆ. ನನಗೆ ಇವತ್ತಿಗೂ ಗೊತ್ತಿಲ್ಲ. ಇಲಾಖೆಯ ನೋಟಿಸಿಗೆ ಉತ್ತರ ಕೊಟ್ಟಿದ್ದೇನೆ, ವಿಚಾರಣೆ ನಡೆಯುತ್ತಿದೆ.

ಅವತ್ತು ಅಜ್ಜಿ ಕೋರ್ಟಿನ ಮೆಟ್ಟಿಲಿನ ಮೇಲೆ ಕೂತಿದ್ದರು, ಶಾಂತಿಗ್ರಾಮದ ಮೇಲೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರನ್ನು ದಾಟಿ ಹೋಗಲು ಧೈರ್ಯ ಬರಲಿಲ್ಲ, ಪಕ್ಕದಲ್ಲಿ ಕೂತೆ. ಗುರುತು ಹಿಡಿದರು. ಬಯ್ಯಲಿ ಎಂದು ಕಾದೆ. ಅವರು ಬಯ್ಯಲಿಲ್ಲ, ನನ್ನ ಕೈ ಹಿಡಿದುಕೊಂಡರು.

"ಅಂಗಾರೆ ನಮ್ಮನೆಯವ್ರನ್ನ ಕೊಂದೋನು ಯಾರವ್ವ? ಸಿಕ್ತಾನಾ ಅವ್ನು?"

ನನ್ನ ಕೈ ಅವರ ಬೆನ್ನಿನ ಮೇಲೆ ಆಗಲೇ ಇತ್ತು. 'ಸಿಕ್ಕೇ ಸಿಕ್ತಾನೆ ಕಣಜ್ಜಿ, ಧೈರ್ಯ ತಗೋ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡೆ.

"ಸಿಗಬಹುದು ಅಜ್ಜಿ," ಎಂದೆ. "ಸಿಗದೆಯೂ ಇರಬಹುದು."